ಇಂದಾಪುರಕ್ಕೆ ಹೋಗಿಬಂದ ಗ್ರಾಫಿಕ್ಸ್ ಕಾರ್ಡು

ಇವತ್ತು ಮಧ್ಯಾಹ್ನ ಒಂದು ಹಳೇ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಬಿಚ್ಚುತ್ತಿದ್ದೆ. ಅದರ ಅಡಿಯಲ್ಲಿದ್ದ ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲಿ ಕಿತ್ತಳೆ ಬಣ್ಣದ ಏನೋ ಸಿಕ್ಕಿಕೊಂಡಿತ್ತು. ಚಿಮಟದಿಂದ ಮೆಲ್ಲಗೆ ಎಳೆದೆ. ಚೆಂಡುಹೂವಿನ ಪಕಳೆ. ಕಾರ್ಡಿನ ಬಿಸಿಗೆ ಹುರಿದು ಹಪ್ಪಳದ ಚೂರಿನಂತಾಗಿತ್ತು. ಕಾರ್ಡನ್ನು ಮೂಗಿನ ಹತ್ತಿರ ತಂದೆ... ಸುಟ್ಟ ಧೂಳು, ಊದುಬತ್ತಿ, ಎಲ್ಲೋ ಅಡಿಯಲ್ಲಿ ಕರ್ಪೂರ. ಯಾವ ಕಂಪ್ಯೂಟರಿನ ಯಾವ ಭಾಗಕ್ಕೂ ಇರಬಾರದ ವಾಸನೆ. ಕೈ ಅಲ್ಲೇ ನಿಂತಿತು.

ಕೆಳಗಿನ ಮನೆಯ ಕಾಕಾ ನೆನಪಾದರು.

ನಾನು ಪುಣೆಯಲ್ಲೇ ಹುಟ್ಟಿದವಳು. ಅಪ್ಪ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ನಾವಿದ್ದದ್ದು ಕಾತ್ರಜ್ ಕಡೆಯ ಒಂದು ಹಳೇ ಕಟ್ಟಡದಲ್ಲಿ. ಅಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ, ನಮ್ಮದು ಮತ್ತು ಕೆಳಗಿನ ಕಾಕಾ-ಕಾಕುದು. ಅವರು ಅಕ್ಕಲಕೋಟೆ ಕಡೆಯವರು. ಕಾಕಾ ಕೆಂಪು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತರಾಗಿದ್ದರು. ನೌಕರಿಯ ಬಹುಪಾಲು ಒಂದೇ ದಾರಿಯಲ್ಲಿ ಕಳೆದಿದ್ದರು, ಪುಣೆಯ ಸ್ವಾರಗೇಟು ಸ್ಟ್ಯಾಂಡಿನಿಂದ ಇಂದಾಪುರ, ಇಂದಾಪುರದಿಂದ ಸ್ವಾರಗೇಟು. ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು, ಬಾಯಿಂದ ಹಾರ್ನ್ ಸದ್ದು ಮಾಡಿ, ಕೈ ತೋರಿಸಿ ದಾರಿ ಬಿಡುತ್ತಿದ್ದರು.

ಕಂಪ್ಯೂಟರು ನನಗೆ ಯಾರೂ ಕಲಿಸಿದ್ದಲ್ಲ. ಯಾರೋ ಎಸೆಯಲು ಹೊರಟಿದ್ದ ಒಂದನ್ನು ಅಪ್ಪ ಸೈಟಿನಿಂದ ಹೊತ್ತು ತಂದಿದ್ದರು. ವಿಡಿಯೋ ನೋಡುತ್ತ ಬಿಚ್ಚಿದೆ, ಕೂಡಿಸಿದೆ, ಕೆಡಿಸಿದೆ, ಮತ್ತೆ ಕೂಡಿಸಿದೆ. ಅದು ಒಂದು ದಿನ ಶುರುವಾದಾಗ ನಾನು ಕಿರುಚಿದ್ದು ಕೆಳಗಿನ ಮನೆಗೂ ಕೇಳಿಸಿತ್ತಂತೆ. ಅವತ್ತಿನಿಂದ ಕಾಕಾ ನನಗೊಂದು ಹೆಸರಿಟ್ಟರು. ಮೆಕ್ಯಾನಿಕ್ ಬಾಯಿ.

"ಮೆಕ್ಯಾನಿಕ್ ಬಾಯಿ ಮನ್ಯಾಗ ಅದಾರೇನ್ರಿ?" ಎಂದು ಒಂದು ಭಾನುವಾರ ಅವರೇ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಮೊಬೈಲು. ಅದರಲ್ಲೊಂದು ವಿಡಿಯೋ. ಕಂಪ್ಯೂಟರಿನಲ್ಲಿ ಯಾರೋ ಬಸ್ಸು ಓಡಿಸುವ ಆಟ ಆಡುತ್ತಿದ್ದಾರೆ, ಬಸ್ಸು ಕೆಂಪು, ಬೋರ್ಡಿನ ಮೇಲೆ ಮರಾಠಿ ಅಕ್ಷರ. ಸೊಲ್ಲಾಪುರ ಕಡೆಯ ಯಾರೋ ಹುಡುಗರು ಆ ಆಟಕ್ಕಾಗಿ ನಮ್ಮ ಹೆದ್ದಾರಿಯನ್ನೇ ಕಟ್ಟಿ, ಯಾರು ಬೇಕಾದರೂ ಹಾಕಿಕೊಳ್ಳಿ ಎಂದು ಬಿಟ್ಟಿದ್ದರು. ಹಡಪಸರ, ಯವತ, ಪಾಟಸ, ಭಿಗವಣ... ಕೊನೆಗೆ ಇಂದಾಪುರ ಸ್ಟ್ಯಾಂಡು.

"ಇದು ನಮ್ಮ ಡಬ್ಬಿ ಮ್ಯಾಲ ಓಡತದೇನು ನೋಡವ್ವಾ."

ಅವರ ಡಬ್ಬಿ ಎಂದರೆ ಮಗಳು ಡಿಪ್ಲೊಮಾ ಓದುವಾಗ ಕೊಂಡಿದ್ದ ಕಂಪ್ಯೂಟರು. ಯಾವುದೋ ಆಫೀಸು ಖಾಲಿ ಮಾಡುವಾಗ ಸಿಕ್ಕ ಮಾಲು, ಪುಸ್ತಕದಂತೆ ತೆಳ್ಳಗಿನ ಕ್ಯಾಬಿನೆಟ್ಟು. ಮಗಳು ಮದುವೆಯಾಗಿ ಹಡಪಸರಕ್ಕೆ ಹೋದಳು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು, ಡಬ್ಬಿ ಇಲ್ಲೇ ಉಳಿಯಿತು. ಅದರಲ್ಲಿ ಆಟ ಹಾಕಿದೆ. ಬಸ್ಸು ಕಾಣಿಸಿತು. ಹೊರಟಿತು ಅನ್ನುವಷ್ಟರಲ್ಲಿ ಚಿತ್ರ ನಿಂತಿತು, ಮತ್ತೆ ಜಿಗಿಯಿತು, ಮತ್ತೆ ನಿಂತಿತು. ಗೋಡೆಗೆ ಗುದ್ದಿದ ಮೇಲೆ ಗೋಡೆ ಕಾಣಿಸಿತು.

"ಇದು ಬಸ್ಸಲ್ಲ, ಫೋಟೋ ಆಲ್ಬಮ್ಮು," ಎಂದರು ಕಾಕು ಹಿಂದಿನಿಂದ.

ನಾನು ಉತ್ಸಾಹದಲ್ಲಿ ಇದಕ್ಕೊಂದು ಗ್ರಾಫಿಕ್ಸ್ ಕಾರ್ಡು ಬೇಕು ಎಂದು ಶುರುಮಾಡಿದೆ. ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಆ ಕಾರ್ಡು ವಹಿಸಿಕೊಳ್ಳುತ್ತದೆ, ಎರಡು ಫ್ಯಾನಿನದು ತಂದರೆ ರಸ್ತೆಯ ಮೇಲೆ ಮರದ ನೆರಳು ಬಿದ್ದದ್ದೂ ಕಾಣುತ್ತದೆ, ಮಳೆ ಬಂದರೆ ಡಾಂಬರು ಹೊಳೆಯುತ್ತದೆ... ಕಾಕಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಎಷ್ಟ ದಿನದಾಗ ಆಗತದ?" ಎಂದರು. ಬೇರೇನೂ ಕೇಳಲಿಲ್ಲ.

ಯಾಕೆ ಹಾಗೆ ಕೇಳಿದರು ಎಂದು ತಿಳಿದದ್ದು ಕಾಕು ಚಹಾ ಕೊಡುತ್ತ ಹೇಳಿದಾಗ.

ಬಸ್ ಡ್ರೈವರ್ ನಿವೃತ್ತನಾಗುವ ದಿನ ಡಿಪೋದಲ್ಲಿ ಒಂದು ಪದ್ಧತಿ ಉಂಟು. ಕೊನೆಯ ಟ್ರಿಪ್ಪಿಗೆ ಬಸ್ಸು ತೊಳೆಯುತ್ತಾರೆ, ಮುಂದೆ ಚೆಂಡುಹೂವಿನ ಮಾಲೆ ಕಟ್ಟುತ್ತಾರೆ, ಡ್ರೈವರನ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸುತ್ತಾರೆ. ದಾರಿಯ ಮೇಲಿನ ಚಹಾದಂಗಡಿಯವರು ಸಹ ಕೈ ಅಡ್ಡ ಹಿಡಿದು ನಿಲ್ಲಿಸಿ ಹಾರ ಹಾಕುತ್ತಾರೆ. ಕಾಕಾನಿಗೆ ಅದು ಆಗಲೇ ಇಲ್ಲ. ನಿವೃತ್ತಿಗೆ ಸ್ವಲ್ಪ ಮುಂಚೆ ಕಣ್ಣಿನ ತಪಾಸಣೆಯಲ್ಲಿ ಕಾಚಬಿಂದು ಸಿಕ್ಕಿತು. ಕಣ್ಣಿನೊಳಗಿನ ಒತ್ತಡ ಏರಿ ಪಕ್ಕದ ನೋಟ ಮೆಲ್ಲಗೆ ಕರಗಿಹೋಗುವ ರೋಗ. ಎದುರಿಗಿನದು ಕಾಣುತ್ತದೆ, ಎಡಬಲದ್ದು ಮಂಜಾಗುತ್ತದೆ. ಅವರ ಎಡಬದಿ ಮೊದಲು ಹೋಗಿತ್ತು. ಸ್ಟೇರಿಂಗಿನಿಂದ ಇಳಿಸಿ ಡಿಪೋದ ಗೇಟಿನಲ್ಲಿ ಕೂರಿಸಿದರು. ಅದು ಸರಿಯೇ, ಜನರ ಜೀವದ ಮಾತು, ಎಂದು ಕಾಕಾನೇ ಹೇಳುತ್ತಿದ್ದರು. ಆದರೆ ಹಿಂದಿನ ದಿನ ಓಡಿಸಿದ್ದೇ ಕೊನೆಯದು ಎಂದು ಓಡಿಸುವಾಗ ಗೊತ್ತಿರಲಿಲ್ಲ. ಮಾಲೆಯಿಲ್ಲ, ಮುಂದಿನ ಸೀಟಿನಲ್ಲಿ ಕಾಕು ಇಲ್ಲ.

"ನಾ ಸೀರಿ ತಗೊಂಡ ಇಟ್ಟಿದ್ದೆ," ಎಂದರು ಕಾಕು. "ಕೊನೀ ಟ್ರಿಪ್ಪಿಗಿ ಅಂತ. ಘಡಿ ಮುರದಿಲ್ಲ ಇನ್ನಾ." ಮಡಿಕೆ ಬಿಚ್ಚಿ ಒಮ್ಮೆಯೂ ಉಟ್ಟಿಲ್ಲ ಎಂದು.

ಈಗ ಉಳಿದ ನೋಟವೂ ಇಳಿಯುತ್ತಿತ್ತು. ಹನಿ ಔಷಧಿ ಹಾಕುತ್ತಿದ್ದರು, ಅದು ರೋಗವನ್ನು ತಡೆದೀತು ಅಷ್ಟೇ, ಹೋದದ್ದನ್ನು ತಂದುಕೊಡದು. ಪರದೆಯ ಮೇಲಾದರೂ ಸರಿ, ಕಾಣುವಷ್ಟು ದಿನದೊಳಗೆ ಇಂದಾಪುರದ ಆ ಟ್ರಿಪ್ಪು ಮುಗಿಸಬೇಕು. ಇಷ್ಟೇ ಅವರಿಗೆ ಬೇಕಾಗಿದ್ದದ್ದು.

ಮುಂದಿನ ವಾರ ಕಾಕಾ ಮತ್ತು ನಾನು ಬುಧವಾರ ಪೇಠೆಯ ಕಂಪ್ಯೂಟರ್ ಗಲ್ಲಿಗೆ ಹೋದೆವು. ರಸ್ತೆ ದಾಟುವಾಗ ಅವರು ನನ್ನ ಭುಜ ಹಿಡಿದು, ಎಡಕ್ಕೆ ಇಡೀ ಕತ್ತು ತಿರುಗಿಸಿ ನೋಡಿ, ಆಮೇಲೆ ಹೆಜ್ಜೆ ಇಡುತ್ತಿದ್ದರು. ಅಂಗಡಿಯ ಗಾಜಿನೊಳಗೆ ಎರಡು ಫ್ಯಾನಿನ ಕಾರ್ಡು ಹೊಳೆಯುತ್ತಿತ್ತು. ನನ್ನ ಕಣ್ಣು ಅಲ್ಲೇ. ಆದರೆ ಅದು ಆ ತೆಳ್ಳಗಿನ ಕ್ಯಾಬಿನೆಟ್ಟಿನೊಳಗೆ ಹಿಡಿಸುವುದಿಲ್ಲ. ಅದಕ್ಕೆ ಬೇರೆ ವಿದ್ಯುತ್ ತಂತಿ ಬೇಕು, ಹಳೇ ಪವರ್ ಸಪ್ಲೈಗೆ ಆ ತಂತಿಯೇ ಇಲ್ಲ. ಅಂದರೆ ಕ್ಯಾಬಿನೆಟ್ಟೂ ಹೊಸದು, ಪವರ್ ಸಪ್ಲೈಯೂ ಹೊಸದು. ಡಬ್ಬಿಗಿಂತ ಮುಚ್ಚಳವೇ ದುಬಾರಿ.

ಇನ್ನೊಂದು ದಾರಿ ಇತ್ತು. ಅರ್ಧ ಎತ್ತರದ ಸಣ್ಣ ಕಾರ್ಡು. ಸೆಕೆಂಡ್ ಹ್ಯಾಂಡು. ಒಂದೇ ಫ್ಯಾನು, ಬೇರೆ ತಂತಿ ಬೇಡ, ಬೋರ್ಡಿನ ಮೇಲಿನ ಸ್ಲಾಟಿನಿಂದಲೇ ಎಷ್ಟು ಬೇಕೋ ಅಷ್ಟು ಕರೆಂಟು ತೆಗೆದುಕೊಳ್ಳುತ್ತದೆ. ಹೊಸ ಆಟಗಳ ಮುಂದೆ ಅದು ಏದುಸಿರು ಬಿಡುತ್ತದೆ.

"ತಾಈ, ಜರಾ ಥಾಂಬಾ. ದಿವಾಳೀತ್ ನವೀನ್ ಮಾಲ್ ಯೇತಯ್," ಎಂದ ಅಂಗಡಿಯವ. ಸ್ವಲ್ಪ ತಡೀರಿ, ದೀಪಾವಳಿಗೆ ಹೊಸ ಮಾಲು ಬರುತ್ತದೆ ಎಂದು. ನನಗೂ ಅದೇ ಸರಿ ಎನಿಸಿತ್ತು. ನಮ್ಮಂಥ ಹುಚ್ಚಿನವರು ಯಾವಾಗಲೂ ಮುಂದಿನ ಕಾರ್ಡಿಗೆ ಕಾಯುತ್ತಿರುತ್ತೇವೆ. ಹೊಸದು ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ, ಇಳಿದಾಗ ಇನ್ನೂ ಹೊಸದರ ಸುದ್ದಿ ಬರುತ್ತದೆ. ಇದನ್ನೆಲ್ಲ ಕಾಕಾನಿಗೆ ವಿವರಿಸಿದೆ.

"ಏ ಮೆಕ್ಯಾನಿಕ್ ಬಾಯಿ," ಎಂದರು ಅವರು, "ಸ್ಟ್ಯಾಂಡಿನ್ಯಾಗ ಮಂದಿ ನಿಂತಾರ. ಡಿಪೋದಾಗ ಹೊಸಾ ಗಾಡಿ ಬರೂದದ, ದೀಪಾವಳಿ ತನಕಾ ನಿಲ್ರಿ ಅಂತ ಹೇಳ್ತೀಯೇನು? ಇದ್ದ ಗಾಡಿ ತಗೀಬೇಕು."

ಸಣ್ಣ ಕಾರ್ಡನ್ನೇ ಕೈಗೆತ್ತಿಕೊಂಡೆವು. ಸ್ಕ್ರೂಗಳ ತಲೆ ಸವೆದಿದೆಯೇ ಎಂದು ನಾನು ನೋಡಿದೆ, ಸವೆದಿದ್ದರೆ ಯಾರೋ ಬಿಚ್ಚಿ ರಿಪೇರಿ ಮಾಡಿದ್ದಾರೆ ಎಂದರ್ಥ. ಕಾಕಾ ಅದನ್ನು ಮೂಸಿ ನೋಡಿದರು. "ಕ್ಲಚ್ ಪ್ಲೇಟ ಸುಟ್ಟಿದ್ದಿಲ್ಲ. ನಡೀ." ಅಂಗಡಿಯವ ನಕ್ಕ.

ಹಾಕುವ ದಿನ ಕಾಕು ತಟ್ಟೆಯಲ್ಲಿ ಕುಂಕುಮ, ಊದುಬತ್ತಿ, ಕರ್ಪೂರ ಹಿಡಿದು ನಿಂತಿದ್ದರು. ದಸರೆಯ ಖಂಡೆ ಪೂಜೆಗೆ ಬಸ್ಸಿನ ಇಂಜಿನ್ನಿಗೆ ಮಾಡುತ್ತಿದ್ದಂತೆ ಕಾರ್ಡಿಗೂ ಆಗಬೇಕಂತೆ. ಕಾರ್ಡಿಗೆ ಧೂಳೇ ಆಗುವುದಿಲ್ಲ, ಹೊಗೆ ಬೇಡ ಕಾಕು ಎಂದು ನಾನು ಗೋಗರೆದೆ. ಯಾರು ಕೇಳುತ್ತಾರೆ... ಕೊನೆಗೆ ತಂತಿ ತಾಗದ ಜಾಗ ತೋರಿಸಿದೆ, ಫ್ಯಾನಿನ ನಟ್ಟನಡುವೆ ಒಂದು ಬೊಟ್ಟು ಕುಂಕುಮ ಇಟ್ಟರು.

ಆಟ ಶುರುವಾಯಿತು. ಈ ಸಲ ಬಸ್ಸು ನಿಜವಾಗಿ ಚಲಿಸಿತು. ಮಗಳು ತಂದುಕೊಟ್ಟ ಸಣ್ಣ ಸ್ಟೇರಿಂಗು ಮೇಜಿಗೆ ಬಿಗಿದಿತ್ತು. "ಇದೇನು ಸ್ಟೇರಿಂಗೋ, ಮಕ್ಕಳು ಉಣ್ಣೂ ತಾಟೋ," ಎನ್ನುತ್ತಲೇ ಕಾಕಾ ಹಿಡಿದರು. ಹಡಪಸರದ ಹತ್ತಿರ ಬಸ್ಸು ನಿಲ್ಲಿಸಿಬಿಟ್ಟರು.

"ಕನ್ನಡಿ ಎಲ್ಲಿ ಅದ?"

ಕನ್ನಡಿಗಳನ್ನು ನಾನೇ ತೆಗೆದುಹಾಕಿದ್ದೆ. ಸಣ್ಣ ಕಾರ್ಡು, ಎಲ್ಲವನ್ನೂ ತೋರಿಸಲು ಅದಕ್ಕೆ ಶಕ್ತಿ ಸಾಲದು. ಬಸ್ಸಿನ ಕನ್ನಡಿಯಲ್ಲಿ ಏನೇನು ಕಾಣುತ್ತದೋ ಅದನ್ನೆಲ್ಲ ಕಾರ್ಡು ಇನ್ನೊಂದು ಸಲ ಬಿಡಿಸಬೇಕು. ಎಡಕ್ಕೊಂದು, ಬಲಕ್ಕೊಂದು, ಒಳಗೊಂದು. ಅದನ್ನು ತೆಗೆದರೆ ಮರಗಳು ಉಳಿಯುತ್ತವೆ, ಆಕಾಶದಲ್ಲಿ ಮೋಡ ಉಳಿಯುತ್ತವೆ, ನೋಡಲು ಚೆಂದ.

"ಮರ ತಗೀ," ಎಂದರು ಕಾಕಾ.

ಮರ ತೆಗೆದೆ. ಎಡಗನ್ನಡಿ ಬಂತು, ಮಸುಕು ಮಸುಕಾಗಿ.

"ಮೋಡ ತಗೀ. ನೆಳ್ಳ ತಗೀ. ಎದಕ್ಕ ಬೇಕು ಅವೆಲ್ಲಾ? ಬಾಗಲದಾಗ ಮುದುಕಿ ಕಾಲಿಟ್ಟಾಳೋ ಇಲ್ಲೋ ನನಗ ಕಾಣಬೇಕಲ್ಲವ್ವಾ."

ಒಂದೊಂದಾಗಿ ತೆಗೆಯುತ್ತ ಹೋದೆ. ನಾನು ತಿಂಗಳುಗಟ್ಟಲೆ ವಿಡಿಯೋಗಳಲ್ಲಿ ಬಾಯಿಬಿಟ್ಟುಕೊಂಡು ನೋಡಿದ್ದ ಚೆಂದವೆಲ್ಲ ಹೋಯಿತು. ಉಳಿದದ್ದು ಬೋಳು ರಸ್ತೆ, ಬೋಳು ಹೊಲ, ಬೂದು ಆಕಾಶ, ಮತ್ತು ಗಾಜಿನಂತೆ ಸ್ವಚ್ಛವಾದ ಮೂರು ಕನ್ನಡಿಗಳು. ನನಗೆ ಅಳು ಬರುವಂತಿತ್ತು. ಕಾಕಾ ಪರದೆಗೆ ಬಾಗಿ ನೋಡಿ, "ಹಾಂ, ಚೈತ್ರದಾಗ ಪಾಟಸ ದಾಟಿದ್ರ ಹಿಂಗ ಇರತದ," ಎಂದರು. ಎಡಗನ್ನಡಿ ಪರದೆಯ ಅಂಚಿಗಿತ್ತು, ಆ ಕಡೆ ಅವರಿಗೆ ಕಣ್ಣಿಗಿಂತ ಕತ್ತೇ ಹೆಚ್ಚು ಕೆಲಸ ಮಾಡಬೇಕು. ಪ್ರತಿ ತಿರುವಿನಲ್ಲೂ ಇಡೀ ಮುಖ ತಿರುಗಿಸಿ ಕನ್ನಡಿ ನೋಡಿ, ಮತ್ತೆ ರಸ್ತೆ ನೋಡುತ್ತಿದ್ದರು.

ಇನ್ನೊಂದು ತಕರಾರು ಇತ್ತು. ಪ್ರಯಾಣಿಕರು ಹತ್ತಿ ಕುಳಿತ ಮೇಲೂ ಕಾಕಾ ಬಸ್ಸು ಬಿಡುತ್ತಿರಲಿಲ್ಲ. ಕಂಡಕ್ಟರ್ ಎರಡು ಸಲ ಬೆಲ್ ಹೊಡೆದರೆ ಮಾತ್ರ ಬಸ್ಸು ಹೊರಡುವುದು. ಆಟದಲ್ಲಿ ಕಂಡಕ್ಟರ್ ಇಲ್ಲ. ಕೀಬೋರ್ಡಿನ ಒಂದು ಗುಂಡಿಗೆ ಬೆಲ್ಲಿನ ಸದ್ದು ಹಾಕಿಕೊಡುತ್ತೇನೆ, ನೀವೇ ಒತ್ತಿಕೊಳ್ಳಿ ಎಂದೆ.

"ಡ್ರೈವರ್ ತನ್ನ ಬೆಲ್ ತಾನ ಹೊಡಕೊಂಡ್ರ ಅದು ಬಸ್ಸಲ್ಲ," ಎಂದರು ಕಾಕಾ. "ಲಾರಿ."

ಕಾಕು ಒಳಗಿನಿಂದ ಸ್ಟೀಲಿನ ತಂಬಿಗೆ ಮತ್ತು ಚಮಚ ತಂದು ಹಿಂದಿನ ಕುರ್ಚಿಯಲ್ಲಿ ಕುಳಿತರು. ಟಣ್ ಟಣ್. ಬಸ್ಸು ಹೊರಟಿತು.

ಆಮೇಲೆ ಕೆಲವು ವಾರ ದಿನಾ ಸಂಜೆ ಅಭ್ಯಾಸ. ಕಾಕು ಬರೀ ಬೆಲ್ ಹೊಡೆಯುವವರಾಗಿ ಉಳಿಯಲಿಲ್ಲ. "ಎಡಕ್ಕ ಸೈಕಲ್ ಬಂತ್ರಿ," "ಅಯ್ಯ, ಆಕಿ ಇನ್ನಾ ಹತ್ತಿಲ್ಲ, ನಿಲ್ರಿ," ಎಂದು ಕೂಗುತ್ತ ಅವರ ಎಡಗಣ್ಣಿನ ಕೆಲಸ ತಾವೇ ವಹಿಸಿಕೊಂಡರು. "ಚಿಲ್ಲರ ಕೊಡ್ರಿ, ಚಿಲ್ಲರ," ಎಂದು ನನ್ನನ್ನೂ ಪೀಡಿಸುತ್ತಿದ್ದರು.

ಕೊನೆಯ ಟ್ರಿಪ್ಪಿಗೆ ಒಂದು ಭಾನುವಾರ ಗೊತ್ತು ಮಾಡಿದರು. ಮಗಳು, ಅಳಿಯ, ನಮ್ಮ ಅಪ್ಪ ಅಮ್ಮ ಎಲ್ಲರೂ ಆ ಪುಟ್ಟ ಕೋಣೆಯಲ್ಲಿ. ಕಾಕಾ ಖಾಕಿ ಅಂಗಿ ಹಾಕಿದ್ದರು, ಸೊಂಟದ ಹತ್ತಿರ ಬಿಗಿಯಾಗಿತ್ತು. ಕಾಕು ಘಡಿ ಮುರಿಯದ ಆ ಹಸಿರು ಸೀರೆ ಉಟ್ಟಿದ್ದರು. ಕಂಪ್ಯೂಟರಿನ ಸುತ್ತ ದಪ್ಪನೆಯ ಚೆಂಡುಹೂವಿನ ಮಾಲೆ ಕಟ್ಟಿದ್ದರು. ಕಾರ್ಡಿಗೆ ಗಾಳಿಯಾಡಲೆಂದು ನಾನು ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಟ್ಟಿದ್ದೆ. ಮಾಲೆ ಅದರ ಮೇಲೇ ಇಳಿಬಿದ್ದಿತ್ತು, ಎಲ್ಲರ ಸಡಗರದಲ್ಲಿ ನಾನೂ ಗಮನಿಸಲಿಲ್ಲ.

ಟಣ್ ಟಣ್. ಸ್ವಾರಗೇಟಿನಿಂದ ಬಸ್ಸು ಹೊರಟಿತು. ಹಡಪಸರ ಬಂದಾಗ ಮಗಳು, "ಅಪ್ಪಾ, ನಮ್ಮನಿ ಮುಂದ ಹಾರ್ನ್ ಹೊಡೀ," ಎಂದಳು. ಹೊಡೆದರು. ಯವತ ದಾಟಿತು. ಪಾಟಸ ದಾಟಿತು. ಭಿಗವಣದ ಹತ್ತಿರ ಹಿನ್ನೀರು ಕಾಣುವ ತಿರುವಿನಲ್ಲಿ ಪರದೆ ಗಕ್ಕನೆ ನಿಂತಿತು. ರಸ್ತೆ, ಸ್ಟೇರಿಂಗು, ಮೂರೂ ಕನ್ನಡಿ, ಎಲ್ಲ ಹೆಪ್ಪುಗಟ್ಟಿದಂತೆ.

ಕಾಕಾ ಸ್ಟೇರಿಂಗು ಬಿಡಲಿಲ್ಲ.

ನಾನು ಮೇಜಿನ ಕೆಳಗೆ ನುಗ್ಗಿದೆ. ಕಾರ್ಡು ಮುಟ್ಟಿದರೆ ಬೆರಳು ಚುರ್ ಎಂದಿತು. ಫ್ಯಾನಿನೊಳಗೆ ಹೂವಿನ ಪಕಳೆಗಳು ಸಿಕ್ಕು ಅದು ತಿರುಗುವುದನ್ನೇ ನಿಲ್ಲಿಸಿತ್ತು.

"ಹೂವು ಸಿಕ್ಕಾವ ಕಾಕಾ, ಫ್ಯಾನಿನ್ಯಾಗ."

ಅವರು ಕುರ್ಚಿಯಿಂದಲೇ ಹಿಂದೆ ತಿರುಗಿದರು. "ಕೇಳಿದೇನ? ರೇಡಿಯೇಟರ್ ಮ್ಯಾಲ ಹಾರ ಹಾಕ್ಯಾಳ. ಡ್ರೈವರನ ಹೆಂಡ್ತಿ ಇಕಿ!"

"ನನಗೇನ ಗೊತ್ತರಿ ಇದರ ರೇಡಿಯೇಟರ್ ಎಲ್ಲಿ ಅದ ಅಂತ," ಎಂದ ಕಾಕು ಅಳುವುದೋ ನಗುವುದೋ ತಿಳಿಯದೆ ಸೆರಗು ಬಾಯಿಗಿಟ್ಟುಕೊಂಡರು. ಎಲ್ಲರೂ ನಕ್ಕರು. ಆದರೆ ಕಾಕಾ ಎದ್ದೇಳಲಿಲ್ಲ. ನಾನು ಹೂವು ತೆಗೆದು, ಫ್ಯಾನು ಬೆರಳಿಂದ ತಿರುಗಿಸಿ ನೋಡಿ, ಕಾರ್ಡು ಆರುವವರೆಗೆ ಎಲ್ಲರೂ ಹೊರಗೆ ಹೋಗಿ ಚಹಾ ಕುಡಿದು ಬಂದರು. ಕಾಕಾನಿಗೆ ಲೋಟ ಅಲ್ಲಿಗೇ ತಂದುಕೊಟ್ಟರು. ದಾರಿಯಲ್ಲಿ ಗಾಡಿ ಕೆಟ್ಟರೆ ಡ್ರೈವರ್ ಇಳಿದು ಹೋಗುವಂತಿಲ್ಲವಂತೆ.

ಆಟ ಎಲ್ಲಿ ನಿಂತಿತ್ತೋ ಅಲ್ಲಿಂದ ಶುರುವಾಗುವುದಿಲ್ಲ, ಮತ್ತೆ ಸ್ವಾರಗೇಟಿನಿಂದಲೇ ಹೊರಡಬೇಕು ಎಂದು ಕಷ್ಟಪಟ್ಟು ಹೇಳಿದೆ. ಕಾಕಾ ಕಣ್ಣು ಒರೆಸಿಕೊಂಡರು. ಅಷ್ಟು ಹೊತ್ತು ಪರದೆ ನೋಡಿ ಅವು ಕೆಂಪಾಗಿದ್ದವು. ನಾಳೆ ಮಾಡೋಣ ಎಂದು ಅಪ್ಪ ಹೇಳಿದರು. ಮಗಳೂ ಅದನ್ನೇ ಹೇಳಿದಳು.

"ಇವತ್ತ ಕಾಣಸಾಕತ್ತದ," ಎಂದರು ಕಾಕಾ. "ಬೆಲ್ ಹೊಡೀರಿ."

ಟಣ್ ಟಣ್.

ಎರಡನೆಯ ಸಲ ಯಾರೂ ತಮಾಷೆ ಮಾಡಲಿಲ್ಲ. ನಾನು ನೆಲದ ಮೇಲೆ ಕುಳಿತು ಕಾರ್ಡಿನ ಹತ್ತಿರ ಕೈಯೊಡ್ಡಿ ಬಿಸಿ ನೋಡುತ್ತಿದ್ದೆ. ಭಿಗವಣದ ತಿರುವು ಬಂತು... ದಾಟಿತು. ಬೋಳು ಹೊಲಗಳ ನಡುವೆ ರಸ್ತೆ ನೇರವಾಗಿ ಓಡಿತು. ಇಂದಾಪುರ ಸ್ಟ್ಯಾಂಡು ಬಂದಾಗ ಹೊರಗೆ ಕತ್ತಲಾಗುತ್ತಿತ್ತು. ಕೊನೆಗೆ ಬಸ್ಸನ್ನು ಹಿಂದಕ್ಕೆ ತೆಗೆದು ಪ್ಲಾಟ್‌ಫಾರ್ಮಿಗೆ ಹಚ್ಚಬೇಕು. ಆ ಕೆಲಸಕ್ಕೆ ಎಡಗನ್ನಡಿ ಬೇಕೇ ಬೇಕು. ಕಾಕಾ ಕತ್ತು ತಿರುಗಿಸಿದರು, ಮತ್ತೆ ತಿರುಗಿಸಿದರು. ದಣಿದ ಕಣ್ಣಿಗೆ ಆ ಅಂಚು ಸಿಗುತ್ತಿರಲಿಲ್ಲ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು.

ಕಾಕು ಕುರ್ಚಿ ಬಿಟ್ಟು ಎದ್ದು ಪರದೆಯ ಎಡಕ್ಕೆ ಬಂದು ನಿಂತರು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಕೂಗುವ ಹಾಗೆಯೇ, ಮರಾಠಿಯಲ್ಲಿ, ಕೈಯಾಡಿಸುತ್ತ ಕೂಗಿದರು. "ಯೇಊ ದ್ಯಾ... ಯೇಊ ದ್ಯಾ... ಯೇಊ ದ್ಯಾ..." ಬರಲಿ, ಬರಲಿ, ಬರಲಿ. ಬಸ್ಸು ಇಂಚಿಂಚಾಗಿ ಹಿಂದೆ ಸರಿಯಿತು. ಕಾಕು ತಂಬಿಗೆಗೆ ಒಂದೇ ಒಂದು ಸಲ ಬಡಿದರು. ಟಣ್. ನಿಲ್ಲಿಸು ಎಂದು.

ನಿಂತಿತು. ಕಾಕಾ ಇಂಜಿನ್ ಆರಿಸಿದರು. ಸ್ಟೇರಿಂಗಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡರು. ಅಪ್ಪ ಕಂಪ್ಯೂಟರಿನ ಮೇಲಿದ್ದ ಮಾಲೆ ಬಿಚ್ಚಿ ಅವರ ಕೊರಳಿಗೆ ಹಾಕಿದರು.

ಅದಾದ ಮೇಲೆ ಅವರು ಆ ಆಟ ಮತ್ತೆ ಆಡಲಿಲ್ಲ. ಬೇರೆ ದಾರಿಗಳೂ ಇವೆ ಕಾಕಾ, ಲೋಣಾವಳಾ ಘಾಟು ಇದೆ ಎಂದು ನಾನು ಆಸೆ ತೋರಿಸಿದೆ. "ರಿಟಾಯರ್ ಆದಾಂವ ಡಿಪೋಕ್ಕ ಹೋಗಬಾರದವ್ವಾ," ಎಂದರು. ಮುಂದೆ ನೋಟ ಇನ್ನಷ್ಟು ಹೋಯಿತು. ಮೆಟ್ಟಿಲಲ್ಲಿ ನನ್ನ ಹೆಜ್ಜೆಯ ಸದ್ದಿಗೇ ಹಾರ್ನ್ ಹೊಡೆಯುತ್ತಿದ್ದರು. ಕಳೆದ ಮಳೆಗಾಲದಲ್ಲಿ, ಒಂದು ಬೆಳಿಗ್ಗೆ, ಎದೆಯೊತ್ತಿ ಬಂದು... ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಕಾಕು ಮಗಳ ಮನೆಗೆ ಹಡಪಸರಕ್ಕೆ ಹೊರಡುವಾಗ ಕಂಪ್ಯೂಟರಿನಿಂದ ಕಾರ್ಡು ಬಿಚ್ಚಿಕೊ ಎಂದು ನನಗೆ ಹೇಳಿದರು. "ಕಟ್ಟಿ ಇಡಬ್ಯಾಡ. ಓಡೂ ಗಾಡಿಗಿ ಹಾಕು."

ಆದರೂ ಕಟ್ಟಿಯೇ ಇಟ್ಟಿದ್ದೆ. ಈಗ ನನ್ನದೊಂದು ಸಣ್ಣ ರಿಪೇರಿ ಮೇಜು ಇದೆ, ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ. ಇವತ್ತು ಕಸೂತಿ ಕೆಲಸದ ಒಬ್ಬ ಟೇಲರ್ ತಮ್ಮ ಹಳೇ ಕಂಪ್ಯೂಟರ್ ತಂದಿದ್ದರು. ತೆಳ್ಳಗಿನ ಕ್ಯಾಬಿನೆಟ್ಟು. ಕಸೂತಿಯ ದಾರಗಳು ಪರದೆಯ ಮೇಲೆ ಬೇರೆಬೇರೆಯಾಗಿ ಕಾಣಬೇಕು, ಇರುವುದರಲ್ಲೇ ಏನಾದರೂ ಕಾರ್ಡು ಹಾಕಿಕೊಡು ಎಂದರು. ಕಪಾಟಿನಲ್ಲಿ ಅದಕ್ಕೆ ಹೊಂದುವುದು ಒಂದೇ ಇತ್ತು.

ಪಕಳೆ ತೆಗೆದೆ. ಧೂಳು ಕುಂಚದಿಂದ ಒರೆಸಿದೆ. ಫ್ಯಾನಿನ ನಡುವಿನ ಕುಂಕುಮದ ಬೊಟ್ಟು ಕಪ್ಪಗಾಗಿ ಅಂಟಿಕೊಂಡಿತ್ತು, ಅದನ್ನು ಮುಟ್ಟಲಿಲ್ಲ. ಕೊಡುವ ಮೊದಲು ಕಾರ್ಡು ಸರಿಯಿದೆಯೇ ಎಂದು ನೋಡಬೇಕಲ್ಲ... ನನ್ನ ಮೇಜಿನ ಕಂಪ್ಯೂಟರಿಗೆ ಹಾಕಿ ಆ ಆಟವನ್ನೇ ತೆರೆದೆ. ಕಾಕಾ ಬಿಟ್ಟುಹೋದ ಹಾಗೆಯೇ ಎಲ್ಲ ಇಟ್ಟೆ. ಮರ ಬೇಡ, ಮೋಡ ಬೇಡ, ನೆರಳು ಬೇಡ. ಸ್ವಾರಗೇಟು ಬಂತು. ಎಡಗನ್ನಡಿಯಲ್ಲಿ ಬಾಗಿಲು ಸ್ವಚ್ಛವಾಗಿ ಕಂಡಿತು. ಒಬ್ಬ ಮುದುಕಿ ಹತ್ತಿ ಕುಳಿತಳು. ಇನ್ನು ಹೊರಡಬಹುದು.

ಗುಂಡಿಯ ಮೇಲೆ ಬೆರಳಿಟ್ಟು ಕುಳಿತೇ ಇದ್ದೆ. ಯಾತಕ್ಕೆ ಕಾಯುತ್ತಿದ್ದೇನೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದಲ್ಲಿ ಚಹಾದ ಲೋಟ ಇತ್ತು, ಚಮಚವೂ ಇತ್ತು. ಕೈ ಅಲ್ಲಿಯವರೆಗೆ ಹೋಗಿ ವಾಪಸ್ಸು ಬಂತು. ತನ್ನ ಬೆಲ್ ತಾನೇ ಹೊಡೆದುಕೊಳ್ಳಬಾರದು.

ಇಂಜಿನ್ ಆರಿಸಿ, ಕಾರ್ಡು ಬಿಚ್ಚಿ, ಟೇಲರ್ ಅವರ ಕಂಪ್ಯೂಟರಿಗೆ ಹಾಕಿದೆ.